ಲೆಕ್ಕದ ಪುಸ್ತಕಕ್ಕೆ ಬಾರದ ಸಾಲ

('ಮಾನ್ಸೂನ್ ವೆಡ್ಡಿಂಗ್' ಚಿತ್ರ ಪ್ರದರ್ಶನದ ಮರುದಿನ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ನಿನ್ನೆ ಸಂಜೆ ನಾವೆಲ್ಲ ಕೂತು ನೋಡಿದ್ದು ಒಂದು ಮದುವೆಮನೆಯ ಸಿನಿಮಾ. ಹಿಂದಿ, ಪಂಜಾಬಿ, ಇಂಗ್ಲಿಷ್ ಮೂರೂ ಕಲಸಿದ ಮಾತು. ಆದ್ದರಿಂದ ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳಬೇಕಾಯಿತು. ಹಾಗೆ ನಿಲ್ಲಿಸಿದಾಗ 'ಸಾಕು ಮೇಡಂ, ನಮಗೆ ಗೊತ್ತಾಗ್ತದೆ, ಮುಂದೆ ಹಾಕಿ' ಎಂದು ನೀವೇ ಗದರಿದಿರಿ. ಗೊತ್ತಾಗದೆ ಏನು? ಮದುವೆಮನೆ ಎಂದರೆ ದೆಹಲಿಯಲ್ಲಾದರೂ ಅದೇ, ನಮ್ಮೂರಿನಲ್ಲಾದರೂ ಅದೇ. ಚಪ್ಪರದವನು ಹೇಳಿದ ಹೊತ್ತಿಗೆ ಬರುವುದಿಲ್ಲ, ಹೆಣ್ಣಿನ ತಂದೆಗೆ ದುಡ್ಡಿನ ಚಿಂತೆ, ತಾಯಿಗೆ ಸೀರೆ ಒಡವೆಗಳ ಚಿಂತೆ, ಬಂದ ನೆಂಟರಲ್ಲಿ ಒಬ್ಬೊಬ್ಬರದೂ ಒಂದೊಂದು ಮುನಿಸು.

ಇದನ್ನು ಮಾಡಿದವರು ಮೀರಾ ನಾಯರ್. 1988ರಲ್ಲಿ ಮುಂಬೈಯ ಬೀದಿಮಕ್ಕಳ ಬಗ್ಗೆ 'ಸಲಾಂ ಬಾಂಬೆ' ತೆಗೆದವರು. ಚಿತ್ರಕಥೆ ಬರೆದವರೂ ಒಬ್ಬ ಮಹಿಳೆ, ಸಬ್ರಿನಾ ಧವನ್. ಕ್ಯಾಮೆರಾವನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದುಕೊಂಡು ಮೂವತ್ತೇ ದಿನಗಳಲ್ಲಿ ಚಿತ್ರೀಕರಣ ಮುಗಿಸಿದರಂತೆ. 2001ರಲ್ಲಿ ವೆನಿಸ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿಯಾದ 'ಚಿನ್ನದ ಸಿಂಹ' ಈ ಚಿತ್ರಕ್ಕೆ ಬಂತು. ಅದಕ್ಕೆ ಮೊದಲು ಆ ಪ್ರಶಸ್ತಿ ಪಡೆದ ಭಾರತದ ಚಿತ್ರವೆಂದರೆ 1957ರಲ್ಲಿ ಸತ್ಯಜಿತ್ ರಾಯ್ ಅವರ 'ಅಪರಾಜಿತೋ'. ಇದರಲ್ಲಿ ಮದುಮಗಳಾಗಿರುವ ವಸುಂಧರಾ ದಾಸ್ ನಮ್ಮ ಬೆಂಗಳೂರಿನವರು, ಹಾಡುಗಾರ್ತಿ. ರಿಯಾ ಪಾತ್ರದ ಶೆಫಾಲಿ ಶಾ ಅವರ ತಂದೆಯ ಕಡೆ ತುಳುನಾಡು. ಹಾಗಾಗಿ ನಾವು ಹೊರಗಿನವರ ಸಿನಿಮಾ ನೋಡಿದೆವು ಎಂದು ಯಾರೂ ಅಂದುಕೊಳ್ಳಬೇಕಿಲ್ಲ. ಪ್ರಶಸ್ತಿಯ ಮಾತು ಇಷ್ಟು ಸಾಕು.

ನಿನ್ನೆ ಬಾರದವರೂ ಇಲ್ಲಿ ಇದ್ದೀರಿ, ಅದಕ್ಕಾಗಿ ಕಥೆಯನ್ನು ಸ್ವಲ್ಪ ಹೇಳುತ್ತೇನೆ. ದೆಹಲಿಯ ಲಲಿತ್ ವರ್ಮಾ, ಅವನ ಹೆಂಡತಿ ಪಿಮ್ಮಿ. ಮಗಳು ಅದಿತಿಗೆ ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ಹುಡುಗನ ಜೊತೆ ಮದುವೆ ಗೊತ್ತಾಗಿದೆ. ಅವಸರದ ಮದುವೆ. ಹುಡುಗಿಯ ಮನಸ್ಸಿನಲ್ಲಿ ಇನ್ನೊಬ್ಬನಿದ್ದಾನೆ, ಅವನು ಮದುವೆಯಾದವನು. ಮಳೆಗಾಲ. ನೆಂಟರು ಅಮೆರಿಕದಿಂದ, ಆಸ್ಟ್ರೇಲಿಯಾದಿಂದ ಬಂದಿಳಿಯುತ್ತಾರೆ. ಲಲಿತ್‌ನ ತೀರಿಕೊಂಡ ಸಹೋದರನ ಮಗಳು ರಿಯಾ ಇದೇ ಮನೆಯಲ್ಲಿ ಮಗಳಂತೆಯೇ ಬೆಳೆದವಳು. ಅವಳಿಗೆ ಮದುವೆಯಾಗಿಲ್ಲ, ಅಮೆರಿಕಕ್ಕೆ ಹೋಗಿ ಓದಬೇಕು, ಬರೆಯಬೇಕು ಎಂಬ ಆಸೆ. ಲಲಿತ್‌ನ ಭಾವ ತೇಜ್ ಸಿರಿವಂತ, ಮೃದುಮಾತಿನವನು, ಮನೆಯವರಿಗೆಲ್ಲ ಬೇಕಾದವನು. ಈ ಕುಟುಂಬ ಕಷ್ಟದಲ್ಲಿದ್ದಾಗ ಕೈಹಿಡಿದವನು. ಎಲ್ಲರೂ ಸೇರಿದ್ದ ಸಂದರ್ಭದಲ್ಲಿ ಅವನು, 'ರಿಯಾಳ ಓದಿನ ಖರ್ಚು ನನ್ನದು' ಎನ್ನುತ್ತಾನೆ. ಎಲ್ಲರಿಗೂ ಸಂತೋಷ. ರಿಯಾಳ ಮುಖ ಮಾತ್ರ ಕಲ್ಲಾಗುತ್ತದೆ.

ಅದು ಯಾಕೆ ಎಂದು ನಮಗೆ ತಡವಾಗಿ ತಿಳಿಯುತ್ತದೆ. ಅವಳು ಚಿಕ್ಕವಳಿದ್ದಾಗ ಈ ತೇಜ್ ಅವಳ ಮೈಮುಟ್ಟಿ ಹಿಂಸೆ ಕೊಟ್ಟವನು. ಈಗ ಅದೇ ಮನೆಯಲ್ಲಿ ಓಡಾಡಿಕೊಂಡಿರುವ ಆಲಿಯಾ ಎಂಬ ಪುಟ್ಟ ಹುಡುಗಿಯ ಮೇಲೆ ಅವನ ಕಣ್ಣು. ಹಾಡು ಕುಣಿತದ ರಾತ್ರಿ ಅವನು ಆ ಮಗುವನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟಿರುವುದನ್ನು ರಿಯಾ ನೋಡುತ್ತಾಳೆ. ಓಡಿ ಬಂದು ಕಾರು ನಿಲ್ಲಿಸುತ್ತಾಳೆ, ಮಗುವನ್ನು ಇಳಿಸಿಕೊಳ್ಳುತ್ತಾಳೆ, ಎಲ್ಲರೆದುರಿಗೆ ಹೇಳಿಬಿಡುತ್ತಾಳೆ.

ನಿನ್ನೆ ಆ ಹೊತ್ತಿನಲ್ಲಿ ಈ ಸಭಾಂಗಣದಲ್ಲಿ ಬಳೆಯ ಸದ್ದೂ ಇರಲಿಲ್ಲ. ಅದಕ್ಕೆ ಹತ್ತು ನಿಮಿಷ ಮೊದಲು ಚಪ್ಪರದ ದುಬೆ ಚೆಂಡುಹೂ ತಿನ್ನುವುದನ್ನು ಕಂಡು ನೀವು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದಿರಿ. ಅವನು ಬಿಳಿ ಚಪ್ಪರ ಹಾಕಿ, ಲಲಿತ್ ಅವನನ್ನು ಬೈದಾಗಲೂ ನಕ್ಕಿರಿ. ಮದುವೆಗೆ ಬಿಳಿ ಬಟ್ಟೆಯೇ, ಇದೇನು ಸಾವಿನ ಮನೆಯೇ ಎಂಬ ಸಿಟ್ಟು. ಪಿಮ್ಮಿ ಬಚ್ಚಲುಮನೆಯಲ್ಲಿ ಕದ್ದು ಸಿಗರೇಟು ಸೇದುವಾಗಲೂ ನಕ್ಕಿರಿ. ನಗುವುದು ತಪ್ಪಲ್ಲ, ನಾನೂ ನಕ್ಕೆ. ಆದರೆ ನನಗೆ ಅನ್ನಿಸುವುದು ಇದು: ಈ ಕಥೆಯನ್ನು ನಿರ್ದೇಶಕಿ ಅಳುವ ಸಿನಿಮಾವಾಗಿ ತೆಗೆದಿದ್ದರೆ ನಾವು ಮೊದಲೇ ಕರವಸ್ತ್ರ ಹಿಡಿದು ತಯಾರಾಗಿ ಕೂತಿರುತ್ತಿದ್ದೆವು, ಕೆಟ್ಟವನು ಯಾರೆಂದು ಹಿನ್ನೆಲೆ ಸಂಗೀತವೇ ಹೇಳಿಬಿಡುತ್ತಿತ್ತು. ನಿಜವಾದ ಮನೆಗಳಲ್ಲಿ ಸಂಗೀತ ಹೇಳುವುದಿಲ್ಲ. ಅಲ್ಲಿ ಒಬ್ಬಟ್ಟಿನ ವಾಸನೆ ಇರುತ್ತದೆ, ಗದ್ದಲವಿರುತ್ತದೆ, ಮಕ್ಕಳು ಯಾರ ತೊಡೆಯ ಮೇಲೆ ಕೂತಿವೆ ಎಂದು ನೋಡಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಅವನು ಆರಿಸಿಕೊಳ್ಳುವುದೇ ಆ ಹೊತ್ತನ್ನು.

ಡೆನ್ಮಾರ್ಕ್ ದೇಶದ 'ಫೆಸ್ಟೆನ್' ಎಂಬ ಚಿತ್ರ 1998ರಲ್ಲಿ ಬಂತು. ಅಲ್ಲಿಯೂ ಸಮಾರಂಭವೇ, ತಂದೆಯ ಅರವತ್ತು ತುಂಬಿದ ಸಂಭ್ರಮ. ಊಟದ ಮೇಜಿನಲ್ಲಿ ಮಗ ಎದ್ದುನಿಂತು ತಂದೆ ತನಗೂ ತನ್ನ ಸತ್ತ ಅವಳಿ ಸೋದರಿಗೂ ಚಿಕ್ಕಂದಿನಲ್ಲಿ ಮಾಡಿದ್ದನ್ನು ಹೇಳುತ್ತಾನೆ. ನೆಂಟರು ಒಂದು ಕ್ಷಣ ತಬ್ಬಿಬ್ಬಾಗಿ ಮತ್ತೆ ಊಟ ಮುಂದುವರಿಸುತ್ತಾರೆ! ಅವರ ದೇಶ, ಅವರ ಊಟ, ಅವರ ಸ್ಥಿತಿಗತಿ ಎಲ್ಲ ಬೇರೆ. ಸಮಾರಂಭ ಕೆಡಬಾರದು ಎಂಬ ಹಟ ಮಾತ್ರ ನಮ್ಮದೇ.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಅದು ಸಾಲದ ವಿಷಯ.

ನೀವು ಸಾಲದ ಲೆಕ್ಕ ಬಲ್ಲವರು. ವಾರದ ಸಭೆಯಲ್ಲಿ ಯಾರು ಎಷ್ಟು ತೆಗೆದುಕೊಂಡರು, ಯಾತಕ್ಕೆ, ಬಡ್ಡಿ ಎಷ್ಟು, ಎಷ್ಟು ಕಂತು ಎಂಬುದನ್ನು ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತೀರಿ. ಹೆಬ್ಬೆಟ್ಟಿನಿಂದ ಸಹಿಗೆ ಬಂದವರು ನಿಮ್ಮಲ್ಲಿ ಎಷ್ಟೋ ಮಂದಿ ಇದ್ದೀರಿ. ಆ ಸಾಲಕ್ಕೆ ಒಂದು ಕೊನೆಯಿದೆ. ಕೊನೆಯ ಕಂತು ಕಟ್ಟಿದ ದಿನ ನೀವು ಯಾರಿಗೂ ತಲೆ ಬಾಗಬೇಕಿಲ್ಲ. ಕುಟುಂಬದೊಳಗೆ ಇನ್ನೊಂದು ಬಗೆಯ ಸಾಲವಿದೆ. ಅದನ್ನು ಸಾಲ ಎಂದು ಕರೆಯುವುದಿಲ್ಲ, ಉಪಕಾರ ಎನ್ನುತ್ತೇವೆ, ಋಣ ಎನ್ನುತ್ತೇವೆ. ಭಾವ ಮನೆ ಕಟ್ಟಲು ಕೊಟ್ಟ, ದೊಡ್ಡಪ್ಪ ಫೀಸು ಕಟ್ಟಿದ, ಚಿಕ್ಕಪ್ಪ ಆಸ್ಪತ್ರೆ ಖರ್ಚು ನೋಡಿಕೊಂಡ. ಅದಕ್ಕೆ ಕಾಗದವಿಲ್ಲ, ಕಂತಿಲ್ಲ, ಆದ್ದರಿಂದಲೇ ಅದು ತೀರುವುದಿಲ್ಲ. ಸಾಲ ತೆಗೆದುಕೊಂಡವನು ಲಲಿತ್. ವಸೂಲಾದದ್ದು ರಿಯಾ ಎಂಬ ಪುಟ್ಟ ಹುಡುಗಿಯಿಂದ. ಈ ಸಿನಿಮಾದಲ್ಲಿ ನನಗೆ ಕಂಡದ್ದು ಅದು.

ತೇಜ್‌ನಂಥವರೆಲ್ಲ ಉಪಕಾರವನ್ನು ಬಲೆಯಾಗಿಯೇ ಹಾಕಿರುತ್ತಾರೆ ಎಂದು ನಾನು ಹೇಳುತ್ತಿಲ್ಲ. ನೆಂಟರ ನೆರವಿಲ್ಲದೆ ನಮ್ಮಲ್ಲಿ ಎಷ್ಟೋ ಮಕ್ಕಳು ಶಾಲೆಯ ಮುಖವನ್ನೇ ನೋಡುತ್ತಿರಲಿಲ್ಲ. ನನ್ನ ಎಂ.ಎ. ಓದಿಗೂ ನನ್ನ ಸೋದರಮಾವ ಹಣ ಕಳಿಸುತ್ತಿದ್ದರು, ಅವರು ದೇವರಂಥ ಮನುಷ್ಯ. ಆದರೆ ಕೊಟ್ಟವನನ್ನು ಪ್ರಶ್ನಿಸಲಾಗದ ಸ್ಥಿತಿ ಬಂದಾಗ, ಕೊಟ್ಟವನು ಒಳ್ಳೆಯವನಾಗಿರುವುದು ಹೆಣ್ಣುಮಗುವಿನ ಅದೃಷ್ಟಕ್ಕೆ ಬಿಟ್ಟ ವಿಷಯವಾಗುತ್ತದೆ. ಅದೃಷ್ಟದ ಮೇಲೆ ಮಕ್ಕಳನ್ನು ಬೆಳೆಸಲಾಗದು.

ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ ನನಗೊಬ್ಬ ವಿದ್ಯಾರ್ಥಿನಿ ಇದ್ದಳು. ಹಾಸ್ಟೆಲ್ಲಿನಲ್ಲಿದ್ದವಳು. ದೀಪಾವಳಿ ರಜೆ ಬಂತೆಂದರೆ ಉಳಿದ ಹುಡುಗಿಯರು ಹಿಂದಿನ ದಿನವೇ ಗಂಟುಮೂಟೆ ಕಟ್ಟಿ ಬಸ್ಸು ಹತ್ತುತ್ತಿದ್ದರು. ಇವಳು ಮಾತ್ರ ಪರೀಕ್ಷೆ ಇದೆ, ಜ್ವರ ಇದೆ ಎಂದು ಏನಾದರೂ ನೆಪ ಹೇಳುತ್ತಿದ್ದಳು. ಎರಡು ದೀಪಾವಳಿ ನಮ್ಮ ಮನೆಯಲ್ಲೇ ಕಳೆದಳು. ಎರಡನೆಯ ವರ್ಷ, ಹಬ್ಬದ ಮುನ್ನಾದಿನ ಹಂಡೆಗೆ ನೀರು ತುಂಬುತ್ತಾ, ಬೆನ್ನು ತಿರುಗಿಸಿಯೇ ಹೇಳಿದಳು. ಹಬ್ಬಕ್ಕೆ ಅವರ ಮನೆಗೆ ಬರುವ ಒಬ್ಬರು ಇದ್ದಾರೆ, ಇವಳ ಫೀಸನ್ನೂ ತಮ್ಮನ ಫೀಸನ್ನೂ ಕಟ್ಟುತ್ತಿರುವವರು ಅವರೇ. 'ನಾನು ಬಾಯಿ ಬಿಟ್ಟರೆ ತಮ್ಮನ ಓದು ನಿಲ್ಲುತ್ತೆ ಮೇಡಂ' ಎಂದಳು. ಅಪ್ಪ ಹೊಡೆದಾರು ಎಂದಲ್ಲ, ಊರು ಆಡಿಕೊಂಡೀತು ಎಂದಲ್ಲ, ತಮ್ಮನ ಓದು! ಹದಿನೆಂಟು ವರ್ಷದ ಹುಡುಗಿ ಮನೆಯ ಜಮಾಖರ್ಚನ್ನು ಅಷ್ಟು ಖಚಿತವಾಗಿ ಹಾಕಿದ್ದಳು. ಮರುವರ್ಷ ಅವಳಿಗೆ ವಿದ್ಯಾರ್ಥಿವೇತನ ಸಿಕ್ಕಿತು. ಸಿಕ್ಕ ತಿಂಗಳೇ ತಾಯಿಗೆ ಹೇಳಿದಳು. ತಾಯಿ ನಂಬಿದಳು. ಆ ನೆಂಟ ಆಮೇಲೆ ಆ ಮನೆಗೆ ಬರಲಿಲ್ಲ. ತಮ್ಮನ ಓದು ಒಂದು ವರ್ಷ ತಡವಾಯಿತು, ನಿಲ್ಲಲಿಲ್ಲ.

ಸಿನಿಮಾದಲ್ಲಿ ರಿಯಾ ಮಾತಾಡಿದ ಮೇಲೆ ಏನಾಗುತ್ತದೆ ನೋಡಿ. ಮೊದಲು ಎದ್ದು ನಿಲ್ಲುವವಳು ತೇಜ್‌ನ ಹೆಂಡತಿ, ಲಲಿತ್‌ನ ಸ್ವಂತ ಸೋದರಿ. ಈ ಹುಡುಗಿ ಸುಳ್ಳು ಹೇಳುತ್ತಿದ್ದಾಳೆ ಎಂದೇ ಅವಳ ವಾದ. ನಮ್ಮಲ್ಲಿಯೂ ಇದೇ ತಾನೆ. ಮದುವೆಯಾಗದವಳು ಹೇಳಿದರೆ ಹೊಟ್ಟೆಕಿಚ್ಚು, ಮದುವೆಯಾದವಳು ಹೇಳಿದರೆ ಸಂಸಾರ ಒಡೆಯುವ ಹುನ್ನಾರ, ಮಗು ಹೇಳಿದರೆ ಟೀವಿ ನೋಡಿ ಕಲಿತದ್ದು. ಹೇಳಬಹುದಾದ ಹೆಣ್ಣು ಯಾರು ಎಂಬುದನ್ನು ಈ ಪುರುಷಪ್ರಧಾನ ವ್ಯವಸ್ಥೆ ಇನ್ನೂ ಗೊತ್ತುಮಾಡಿಲ್ಲ. ರಿಯಾ ಮನೆ ಬಿಟ್ಟು ಹೋಗುತ್ತಾಳೆ. ಗಮನಿಸಿ, ಹೋದವಳು ಅವಳು. ಅವನು ಅಲ್ಲಿಯೇ ಇರುತ್ತಾನೆ.

ನಮ್ಮ ಕಡೆಯ ಒಂದು ವಿಶೇಷವನ್ನೂ ಇಲ್ಲಿ ಹೇಳಬೇಕು. ದೆಹಲಿಯವರು ತೇಜ್‌ನನ್ನು 'ಅಂಕಲ್' ಎನ್ನುತ್ತಾರೆ. ನಮ್ಮಲ್ಲಿ ಅತ್ತೆಯ ಗಂಡ ಮಾವ. ತಾಯಿಯ ತಮ್ಮನೂ ಮಾವ. ಮಾವ ಎಂದರೆ ಹುಡುಗಿಯನ್ನು ರೇಗಿಸುವ ಹಕ್ಕು ಹುಟ್ಟಿನಿಂದಲೇ ಬಂದಂತೆ. 'ನಿನ್ನನ್ನೇ ಮದುವೆಯಾಗ್ತೀನಿ' ಎಂದು ಎಂಟು ವರ್ಷದ ಹುಡುಗಿಯ ಕೆನ್ನೆ ಹಿಂಡಿದರೆ ಮನೆಮಂದಿಯೆಲ್ಲ ನಗುತ್ತಾರೆ. ಮಗು ಮುಖ ಸಿಂಡರಿಸಿದರೆ, 'ಮಾವ ಅಲ್ವೇನೇ, ಯಾಕೆ ನಾಚ್ತೀಯ' ಎಂದು ಮತ್ತೆ ಅವನ ಕಡೆಗೇ ತಳ್ಳುತ್ತಾರೆ. ಹೆಚ್ಚಿನ ಮಾವಂದಿರು ಪಾಪ, ಪ್ರೀತಿಯವರೇ. ಆದರೆ ಮಗುವಿನ 'ಬೇಡ' ಎಂಬ ಮಾತನ್ನು ತಮಾಷೆ ಮಾಡಲು ನಾವೇ ಕಲಿಸಿಬಿಟ್ಟರೆ, ನಾಳೆ ನಿಜವಾಗಿ 'ಬೇಡ' ಎನ್ನಬೇಕಾದಾಗ ಅದು ಯಾವ ಮಾತಿನಲ್ಲಿ ಹೇಳಬೇಕು?

ಇದು ಎಲ್ಲೋ ಒಂದು ಮನೆಯ ಕಥೆಯಲ್ಲ. 2007ರಲ್ಲಿ ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿ ಒಂದು ವರದಿ ಹೊರತಂದಿತು. ಅದರಲ್ಲಿ ಶೇಕಡಾ 53ಕ್ಕೂ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಕಂಡಿದ್ದಾಗಿ ಹೇಳಿದ್ದರು. ಹಿಂಸೆ ಕೊಟ್ಟವರಲ್ಲಿ ಸುಮಾರು ಅರ್ಧದಷ್ಟು ಜನ ಮಗುವಿಗೆ ಗೊತ್ತಿರುವವರು, ಮಗು ನಂಬಿದವರು. ಇನ್ನೊಂದು ಮಾತು, ಅದರಲ್ಲಿ ಗಂಡುಮಕ್ಕಳು ಹೆಣ್ಣುಮಕ್ಕಳಿಗಿಂತ ಕಡಿಮೆ ಇರಲಿಲ್ಲ. ನಮ್ಮ ಗಂಡುಮಕ್ಕಳ ಬಗ್ಗೆ ನಮಗೆ ಭಯವೇ ಇರುವುದಿಲ್ಲ, ಅದನ್ನೂ ಯೋಚಿಸಬೇಕು.

ಲಲಿತ್‌ನ ವಿಷಯಕ್ಕೆ ಬರೋಣ. ನಸೀರುದ್ದೀನ್ ಶಾ ಆ ಪಾತ್ರವನ್ನು ಮಾಡಿರುವ ರೀತಿಯನ್ನು ನಾನು ಎಷ್ಟು ಸಲ ನೋಡಿದರೂ ಸಾಲದು. ಹಗಲೆಲ್ಲ ಎಲ್ಲರ ಮೇಲೆ ರೇಗುವ ಗಂಡಸು ಆ ರಾತ್ರಿ ಹಾಸಿಗೆಯಲ್ಲಿ ಹೆಂಡತಿಯ ಪಕ್ಕದಲ್ಲಿ ಮಗುವಿನಂತೆ ಅಳುತ್ತಾನೆ. ಹಿಂದೊಂದು ದೃಶ್ಯದಲ್ಲಿ ಗಂಡಹೆಂಡಿರಿಬ್ಬರೂ ನಿದ್ದೆ ಹೋಗಿರುವ ಅದಿತಿ, ರಿಯಾ ಇಬ್ಬರನ್ನೂ ಬಾಗಿಲಲ್ಲಿ ನಿಂತು ನೋಡಿದ್ದರಲ್ಲ, ಅದು ಇಲ್ಲಿ ನೆನಪಾಗುತ್ತದೆ. ಮರುದಿನ ಅವನು ರಿಯಾಳನ್ನು ಹುಡುಕಿಕೊಂಡು ಹೋಗಿ ಮನೆಗೆ ಬಾ ಎಂದು ಬೇಡುತ್ತಾನೆ. ಆದರೆ ಭಾವನನ್ನು ಹೊರಗೆ ಹಾಕುವ ಮಾತು ಆಗ ಅವನ ಬಾಯಲ್ಲಿ ಬರುವುದಿಲ್ಲ. ನೀನೂ ಬೇಕು, ಅವನನ್ನು ಬಿಡಲೂ ಆಗದು. ರಿಯಾ ಹಿಂದಿರುಗುತ್ತಾಳೆ, ಅದಿತಿಗೋಸ್ಕರ. ಅವನಿರುವ ಮನೆಗೇ! ಎಷ್ಟು ಹೆಣ್ಣುಮಕ್ಕಳು ಹೀಗೆ ಹಿಂದಿರುಗಿಲ್ಲ? ಅಕ್ಕನ ಮದುವೆ ಕೆಡಬಾರದು, ತಾಯಿಯ ಮುಖ ನೋಡಬೇಕು ಎಂದುಕೊಂಡು.

ಮದುವೆಯ ದಿನ, ತೀರಿಕೊಂಡ ಸಹೋದರನ ಭಾವಚಿತ್ರದ ಮುಂದೆ ಮನೆಯವರೆಲ್ಲ ಸೇರುತ್ತಾರೆ. ಅದು ರಿಯಾಳ ತಂದೆಯ ಚಿತ್ರ. ಅಲ್ಲಿ ಲಲಿತ್ ತೇಜ್‌ನನ್ನು ತಡೆದು, ಈ ಮನೆಯಿಂದ ಹೊರಡು ಎನ್ನುತ್ತಾನೆ. ಕೂಗಾಟವಿಲ್ಲ, ಕೆನ್ನೆಗೆ ಹೊಡೆತವಿಲ್ಲ. ಈ ಮಕ್ಕಳು ನನ್ನವರು, ಇವರನ್ನು ಕಾಯುವುದು ನನ್ನ ಕೆಲಸ ಎಂಬರ್ಥದ ನಾಲ್ಕು ಮಾತು. ಮಾತಾಡುವಾಗ ಅವನ ದನಿ ನಡುಗುತ್ತದೆ. ಯಾಕೆಂದರೆ ಅವನು ಆ ಕ್ಷಣ ಹೊರಗೆ ಹಾಕುತ್ತಿರುವುದು ಒಬ್ಬ ದುಷ್ಟನನ್ನು ಮಾತ್ರ ಅಲ್ಲ, ತನ್ನ ಸ್ವಂತ ಸೋದರಿಯ ಸಂಸಾರವನ್ನು, ಹಳೆಯ ಉಪಕಾರವನ್ನು. ಈಗಾಗಲೇ ಮದುವೆಯ ಖರ್ಚಿಗೆ ಕೈಸಾಲಕ್ಕೆ ಪರದಾಡುತ್ತಿರುವ ಮನುಷ್ಯ ಸಿರಿವಂತ ಭಾವನನ್ನು ಕಳೆದುಕೊಳ್ಳುತ್ತಿದ್ದಾನೆ. ಋಣ ತೀರಿಸದೆಯೇ ಪುಸ್ತಕ ಮುಚ್ಚುತ್ತಿದ್ದಾನೆ. ಮರ್ಯಾದೆ ಎಂಬ ಪದವನ್ನು ಹೆಣ್ಣಿನ ಬಾಯಿ ಮುಚ್ಚಿಸಲು ಬಳಸುವುದನ್ನು ಕಂಡಿದ್ದೇವೆ. ಮದುವೆಮನೆಯ ಯಜಮಾನನೊಬ್ಬ ಬೀಗರು ಬರುವ ಹೊತ್ತಿನಲ್ಲಿ ಆ ಮರ್ಯಾದೆಯನ್ನೇ ಪಣಕ್ಕಿಡುವುದನ್ನು ತೆರೆಯ ಮೇಲೆ ಕಂಡದ್ದು ಕಡಿಮೆ.

ಆದರೂ ಈ ಚಿತ್ರದೊಡನೆ ನನಗೆ ಎರಡು ಜಗಳಗಳಿವೆ.

ಒಂದು, ಪಿಮ್ಮಿ. ಎಲ್ಲವೂ ಲಲಿತ್‌ನ ತೀರ್ಮಾನಕ್ಕೆ ಯಾಕೆ ಕಾಯಬೇಕು? ಅವನ ಮನಸ್ಸು ಆ ಕಡೆ ಹೊರಳಿದ್ದರೆ? ತನ್ನ ಮನೆಯಲ್ಲಿ ತಾನು ಬಚ್ಚಲಿನ ಬಾಗಿಲು ಹಾಕಿಕೊಂಡು ಸಿಗರೇಟು ಸೇದಬೇಕಾದ ಹೆಂಗಸು ಗಂಡನ ಭಾವನಿಗೆ ಬಾಗಿಲು ತೋರಿಸಲು ಸಾಧ್ಯವೇ ಎಂದು ನೀವು ಕೇಳಬಹುದು. ನಿಜ. ನಿನ್ನೆ ಆ ಸಿಗರೇಟಿಗೆ ನಾವು ನಕ್ಕೆವಲ್ಲ, ಅದು ಅಷ್ಟು ನಗುವ ವಿಷಯವಲ್ಲ ಎಂದು ರಾತ್ರಿ ನನಗೆ ಅನ್ನಿಸಿತು. ಹಾಗೆಯೇ ಮನೆಗೆಲಸದ ಆಲಿಸ್. ಒಡತಿಯ ಒಡವೆಯನ್ನು ಕನ್ನಡಿಯ ಮುಂದೆ ಹಾಕಿ ನೋಡಿಕೊಂಡದ್ದಕ್ಕೆ ಕಳ್ಳಿ ಎನ್ನಿಸಿಕೊಳ್ಳಬೇಕಾಗಿ ಬಂದವಳು. ಅವಳಿಗೆ ದುಬೆ ಸಿಕ್ಕಿದ, ಚೆಂಡುಹೂವಿನ ನಡುವೆ ಮದುವೆಯೂ ಆಯಿತು, ನಮಗೂ ಸಂತೋಷ. ಆದರೆ ತೇಜ್‌ನಂಥವನ ಕೈ ಆಲಿಸ್‌ನ ಕಡೆ ಬಂದಿದ್ದರೆ ಅವಳು ಯಾರ ಮುಂದೆ ನಿಂತು ಹೇಳಬೇಕಿತ್ತು?

ಎರಡನೆಯದು, ತೇಜ್ ಹೋದದ್ದು ಎಲ್ಲಿಗೆ? ಕಾರು ಹತ್ತಿ ಗೇಟು ದಾಟಿದ, ಅಷ್ಟೇ. ಮಳೆ ಬಂತು, ಎಲ್ಲರೂ ಕುಣಿದರು. ನಮ್ಮ ಮನೆಯಿಂದ ಹೋದವನು ಇನ್ನೊಂದು ಮನೆಗೆ ಮಾವನಾಗಿ, ದೊಡ್ಡಪ್ಪನಾಗಿ ಹೋಗುತ್ತಾನೆ. ಚಿತ್ರವನ್ನು ಮಾತ್ರ ದೂರಬೇಡಿ, 2001ರಲ್ಲಿ ಮಕ್ಕಳ ಮೇಲಿನ ಇಂಥ ದೌರ್ಜನ್ಯಕ್ಕೆಂದೇ ಇಡೀ ದೇಶಕ್ಕೆ ಅನ್ವಯಿಸುವ ಪ್ರತ್ಯೇಕ ಕಾನೂನು ಇರಲಿಲ್ಲ. ದಂಡ ಸಂಹಿತೆಯ ಹಳೆಯ ಕಲಮುಗಳಷ್ಟೇ ಇದ್ದವು. 2012ರಲ್ಲಿ 'ಪೋಕ್ಸೋ' ಕಾಯ್ದೆ ಬಂತು, ಆ ವರ್ಷದ ನವೆಂಬರ್ 14ರಿಂದ ಜಾರಿಯಾಯಿತು. ಹದಿನೆಂಟು ತುಂಬದ ಹುಡುಗ, ಹುಡುಗಿ ಯಾರಿಗೇ ಆಗಲಿ, ಅದು ಅನ್ವಯಿಸುತ್ತದೆ. ಕೆಟ್ಟ ಉದ್ದೇಶದಿಂದ ಮೈಮುಟ್ಟುವುದೂ ಅದರಲ್ಲಿ ಅಪರಾಧ. ಮಾಡಿದವನು ಮಗುವಿನ ಸಂಬಂಧಿಯಾಗಿದ್ದರೆ ಅಪರಾಧ ಇನ್ನೂ ಗುರುತರ, ಶಿಕ್ಷೆಯೂ ಹೆಚ್ಚು. ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದು ಕೂಡ ತಪ್ಪು, ಅದಕ್ಕೆ ಆರು ತಿಂಗಳವರೆಗೆ ಸಜೆಯಾಗಬಹುದು. ಒಳ್ಳೆಯ ನಂಬಿಕೆಯಿಂದ ತಿಳಿಸಿದವರ ಮೇಲೆ ಯಾವ ಕ್ರಮವೂ ಇಲ್ಲ. ಮಗುವನ್ನು ಠಾಣೆಗೆ ಎಳೆದುಕೊಂಡು ಹೋಗಬೇಕಿಲ್ಲ. ಮನೆಗೋ ಮಗು ಒಪ್ಪುವ ಜಾಗಕ್ಕೋ ಪೊಲೀಸರೇ ಬಂದು ಹೇಳಿಕೆ ಬರೆದುಕೊಳ್ಳಬೇಕು, ಆದಷ್ಟು ಮಟ್ಟಿಗೆ ಮಹಿಳಾ ಅಧಿಕಾರಿಯೇ, ಅದೂ ಸಮವಸ್ತ್ರವಿಲ್ಲದೆ. ಮಗುವಿನ ಹೆಸರು ಪತ್ರಿಕೆಯಲ್ಲಿ ಬರುವಂತಿಲ್ಲ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಮಗುವೇ ಕರೆ ಮಾಡಬಹುದು, ನೀವೂ ಮಾಡಬಹುದು.

ತಿಳಿಸಲೇಬೇಕು ಎಂಬ ಕಲಮಿನ ಬಗ್ಗೆ ನಮ್ಮ ಕೆಲವು ಗೆಳತಿಯರಿಗೇ ಅಸಮಾಧಾನವಿದೆ. ಅಣ್ಣನೋ ಮಾವನೋ ಜೈಲಿಗೆ ಹೋಗುತ್ತಾನೆ ಎಂಬ ಭಯಕ್ಕೆ ತಾಯಂದಿರು ಡಾಕ್ಟರ ಬಳಿಗೂ ಹೋಗದೆ ಸುಮ್ಮನಾಗುತ್ತಾರೆ ಎಂಬುದು ಅವರ ಮಾತು. ಅದರಲ್ಲಿ ಹುರುಳಿದೆ. ಕಾಯ್ದೆ ಬಂದ ಮಾತ್ರಕ್ಕೆ ಆ ಮನೆಯ ಫೀಸನ್ನು ಕಾಯ್ದೆ ಕಟ್ಟುವುದಿಲ್ಲವಲ್ಲ. ನನ್ನ ವಿದ್ಯಾರ್ಥಿನಿಯ ತಮ್ಮನ ಓದಿನ ಪ್ರಶ್ನೆಗೆ ಪೊಲೀಸರ ಬಳಿ ಉತ್ತರವಿಲ್ಲ. ನಿಮ್ಮ ಬಳಿ ಇದೆ. ಮಗಳ ಕಾಲೇಜು ಫೀಸಿಗೆ ಸಂಘದಿಂದ ಸಾಲ ಎತ್ತಿ, ಕಂತು ಕಟ್ಟಿ ತೀರಿಸಿದವರು ಇಲ್ಲಿ ಹತ್ತಾರು ಮಂದಿ ಕೂತಿದ್ದೀರಿ. ಅಂಥ ಮನೆಯಲ್ಲಿ ಯಾರಾದರೂ 'ಓದಿಸಿದ್ದು ನಾನು' ಎಂದು ಹೇಳುವಂತಿಲ್ಲ. ಬ್ಯಾಂಕಿನವರು ನಿಮ್ಮ ವಸೂಲಾತಿ ಎಷ್ಟು ಚೆನ್ನಾಗಿದೆ ಎಂದು ಹೊಗಳುತ್ತಾರೆ. ನನಗೆ ಕಾಣುವ ಲಾಭ ಅವರ ವರದಿಯಲ್ಲಿ ಇಲ್ಲ.

ಕೊನೆಯದಾಗಿ ಒಂದು ಪ್ರಶ್ನೆ ಕೇಳಿ ಕೂರುತ್ತೇನೆ, ಉತ್ತರ ನನ್ನಲ್ಲಿಲ್ಲ. ಆ ಮನೆಯಿಂದ ಹೊರಟ ಕಾರಿನಲ್ಲಿ ತೇಜ್ ಒಬ್ಬನೇ ಇರಲಿಲ್ಲ. ಪಕ್ಕದಲ್ಲಿ ಅವನ ಹೆಂಡತಿ ಇದ್ದಳು. ತಮ್ಮ ಮನೆಯ ಬಾಗಿಲು ಅವಳಿಗೂ ಮುಚ್ಚಿತು. ಅವಳಿಗೆ ಮೊದಲೇ ಗೊತ್ತಿತ್ತೇ, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದಳೇ, ಇಲ್ಲ ಆ ರಾತ್ರಿಯೇ ತಿಳಿಯಿತೇ ಎಂದು ಚಿತ್ರ ಹೇಳುವುದಿಲ್ಲ. ಗಂಡನ ಪರವಾಗಿ ಮಾತಾಡಿದ್ದಕ್ಕೆ ನಿನ್ನೆ ನಿಮ್ಮಲ್ಲಿ ಹಲವರು ಅವಳಿಗೆ ಶಾಪ ಹಾಕಿದಿರಿ. ಅವಳು ಕಾರಿನಿಂದ ಇಳಿದುಬಿಟ್ಟಿದ್ದರೆ ಎಲ್ಲಿಗೆ ಹೋಗುತ್ತಿದ್ದಳು? ನಿಮ್ಮ ಸಂಘದ ಸಭೆಗೆ ಬಂದು ಸದಸ್ಯತ್ವ ಕೇಳಿದ್ದರೆ ಕೊಡುತ್ತಿದ್ದಿರಾ? ಈಗ ನೀವು ಮಾತಾಡಿ. ಮೊದಲು ಹಿಂದಿನ ಸಾಲಿನವರು.